ಮೆದೆ ಹಾಕುವ ಕೈ

ಪಾಂಡವಪುರದ ನಾಲೆ ಬಯಲು ದಾಟಿ ನಾಗಮಂಗಲದ ಕಡೆ ಹೋದರೆ ರಾಗಿ ಹೊಲಗಳು. ಅಲ್ಲಿ ಬೆಳೆ ಕೊಡುವುದೂ ಮಳೆ, ಕೊಯ್ಲಿನ ಹೊತ್ತಿಗೆ ಕಸಿಯಲು ಬರುವುದೂ ಮಳೆ. ಸ್ವಾತಿ, ವಿಶಾಖೆ ಮಳೆಗಳು ಕಳೆದರೂ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೋಡ ಮುಸುಕುತ್ತದೆ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನ ಎಷ್ಟೋ ಕಡೆ ತೆನೆ ಹೊಲದಲ್ಲೇ ಮೊಳಕೆಯೊಡೆಯಿತು.

ಆ ಮಳೆಗೆ ಎದುರಾಗಿ ರೈತ ಕಟ್ಟುವ ಕೋಟೆ ಮೆದೆ, ಕೊಯ್ದ ರಾಗಿ ಕಟ್ಟುಗಳ ಒಟ್ಟಿಲು. ಶ್ರೀರಂಗಪಟ್ಟಣದ ಕೋಟೆಯನ್ನು ನೋಡುವಷ್ಟೇ ಗೌರವದಿಂದ ನಾನದನ್ನು ನೋಡುತ್ತೇನೆ. ತೆನೆ ಒಳಕ್ಕೆ, ಬುಡ ಹೊರಕ್ಕೆ ಇಟ್ಟು ಸುತ್ತ ಜೋಡಿಸುತ್ತಾ, ನಡುವನ್ನು ಸದಾ ಎತ್ತರಿಸಿಕೊಂಡೇ ಹೋಗಬೇಕು. ಆಗ ಒಂದೊಂದು ಕಡ್ಡಿಯೂ ಹೊರಕ್ಕೆ ವಾಲಿ, ಬಿದ್ದ ಹನಿ ಒಳಗಿಳಿಯದೆ ಜಾರುತ್ತದೆ. ನಡು ತಗ್ಗಿತೋ, ನೀರು ತೆನೆಗೇ ಇಳಿದು, ಒಳಗೆ ಕಾವೆದ್ದು ರಾಗಿ ಮುಗ್ಗುತ್ತದೆ. ಮೇಲಿರುವವನು ಮೊಣಕಾಲೂರಿ ಕಟ್ಟನ್ನು ಅದುಮುತ್ತಾನೆ. ಕೆಳಗಿನವಳು ಎಸೆದ ಮುಂದಿನ ಕಟ್ಟು ಅಷ್ಟರಲ್ಲೇ ಅವನ ಕೈ ಸೇರಿರುತ್ತದೆ.

ಮಳೆ ನಿಂತ ಬೆಳಗ್ಗೆ ಮೆದೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ. ಹೊರಗಿನ ಹುಲ್ಲು ತೊಯ್ದು ಕಪ್ಪಾಗಿರುತ್ತದೆ. ಬೆರಳಿಗೆ ಸಿಕ್ಕ ತೆನೆ ಮಾತ್ರ ಒಣಗಿ ಗರಗರ ಅನ್ನುತ್ತದೆ.