ಪಟ್ಟಿ ಮತ್ತು ವೇದಿಕೆ: ದೆಹಲಿಯ ಆದಿವಾಸಿ ಉತ್ಸವಗಳನ್ನು ಕುರಿತು

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಪರಿಶಿಷ್ಟ ಪಂಗಡಗಳಿಗೆ ಸೇರಿದವರು 10.4 ಕೋಟಿಗೂ ಅಧಿಕ. ಅದೇ ಗಣತಿಯಲ್ಲಿ ರಾಜಧಾನಿ ದೆಹಲಿಯ ಲೆಕ್ಕಕ್ಕೆ ಬಂದಿರುವುದು ಸೊನ್ನೆ. ದೆಹಲಿಯಲ್ಲಿ ಆದಿವಾಸಿಗಳಿಲ್ಲವೆಂದು ಇದರ ಅರ್ಥವಲ್ಲ. ಸಂವಿಧಾನದ 342ನೆಯ ವಿಧಿಯಂತೆ ಪಂಗಡಗಳನ್ನು ಆಯಾ ರಾಜ್ಯಕ್ಕೆ ಅಥವಾ ಕೇಂದ್ರಾಡಳಿತ ಪ್ರದೇಶಕ್ಕೆ ಸಂಬಂಧಿಸಿದಂತೆ ಗೊತ್ತುಪಡಿಸಲಾಗುತ್ತದೆ; ದೆಹಲಿಗೆ ಅಂತಹ ಪಟ್ಟಿಯೇ ಇಲ್ಲ. ಜಾರ್ಖಂಡ್, ಛತ್ತೀಸ್‌ಗಢ, ಒಡಿಶಾಗಳಿಂದ ಬಂದು ಇಲ್ಲಿಯ ಮನೆಗಳಲ್ಲಿ ಪಾತ್ರೆ ತೊಳೆಯುವ, ಮಕ್ಕಳನ್ನು ನೋಡಿಕೊಳ್ಳುವ ಒರಾಂವ್, ಮುಂಡಾ, ಖಡಿಯಾ, ಸಂತಾಲ ಹೆಣ್ಣುಮಕ್ಕಳು ತಮ್ಮ ಊರಿನಲ್ಲಿ ಪಂಗಡದವರು. ರೈಲಿನಿಂದ ಇಳಿದ ಮೇಲೆ ಗಣತಿಯ ಕಣ್ಣಿಗೆ ಹಾಗಲ್ಲ. ಒಂದು ರಾಜ್ಯದ ಪಂಗಡದ ಸ್ಥಾನವನ್ನು ಇನ್ನೊಂದು ರಾಜ್ಯಕ್ಕೆ ಹೊತ್ತೊಯ್ಯಲಾಗದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ಹೇಳಿತು. ಆಂಧ್ರದಿಂದ ಮುಂಬಯಿಗೆ ಬಂದು ನೆಲೆಸಿದ ಕುಟುಂಬವೊಂದರ ಪ್ರಕರಣವದು. ಹೊರನಾಡಿನಲ್ಲಿರುವ ನಮಗೆ ಅಷ್ಟೇನೂ ದೂರದ ಸಂಗತಿಯಲ್ಲ.

ಆದರೆ ಆದಿವಾಸಿ ಸಂಸ್ಕೃತಿಯ ಸಂಭ್ರಮಕ್ಕೆ ಈ ನಗರದಲ್ಲಿ ಕೊರತೆಯಿಲ್ಲ. ಗಣರಾಜ್ಯೋತ್ಸವದ ಅಂಗವಾಗಿ ಬುಡಕಟ್ಟು ಹಾಗೂ ಜನಪದ ನರ್ತಕರನ್ನು ರಾಜಧಾನಿಗೆ ಕರೆಸುವ ಪರಿಪಾಠ 1953ರಲ್ಲಿ ಆರಂಭವಾಯಿತು. ಟ್ರೈಫೆಡ್ ಸಂಸ್ಥೆಯ ಆದಿ ಮಹೋತ್ಸವ 2017ರ ನವೆಂಬರಿನಲ್ಲಿ ದಿಲ್ಲಿ ಹಾಟ್‌ನಲ್ಲಿ ನಡೆಯಿತು. 2023ರ ಫೆಬ್ರವರಿಯಲ್ಲಿ ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣದಲ್ಲಿ ನಡೆದ ಉತ್ಸವವನ್ನು ಪ್ರಧಾನಮಂತ್ರಿಗಳೇ ಉದ್ಘಾಟಿಸಿದರು. ಬಿರ್ಸಾ ಮುಂಡಾ ಹುಟ್ಟಿದ ನವೆಂಬರ್ 15ನ್ನು ಜನಜಾತೀಯ ಗೌರವ ದಿನವೆಂದು 2021ರಲ್ಲಿ ಸರ್ಕಾರ ಘೋಷಿಸಿತು. ಇವುಗಳ ಜೊತೆಗೆ ವಿಶ್ವಸಂಸ್ಥೆ 1994ರಲ್ಲಿ ಗೊತ್ತುಮಾಡಿದ ಆಗಸ್ಟ್ 9ರ ಆಚರಣೆಯೂ ಇದೆ. ಪಟ್ಟಿಯಲ್ಲಿ ಇಲ್ಲದವರು ವೇದಿಕೆಯ ಮೇಲೆ ಇರುವುದು, ವೇದಿಕೆಯ ಕೆಳಗೆ ಇರುವವರು ಎಲ್ಲಿಯೂ ಕಾಣದಿರುವುದು – ಈ ಇಬ್ಬಂದಿಯನ್ನು ಪ್ರದರ್ಶನದ ರೂಪದೊಳಗಿಂದಲೇ ಓದಲು ಸಾಧ್ಯವೆಂಬುದು ನನ್ನ ಗ್ರಹಿಕೆ.

ರೂಪದ ಪ್ರಶ್ನೆಯಿಂದಲೇ ಆರಂಭಿಸಬಹುದು. ಛೋಟಾನಾಗಪುರದ ಹಳ್ಳಿಗಳಲ್ಲಿ ಕುಣಿತದ ಬಯಲನ್ನು ಅಖ್ರಾ ಎನ್ನುತ್ತಾರೆ. ಭಾದ್ರಪದದ ಏಕಾದಶಿಯಂದು ಕರಮ್ ಮರದ ಕೊಂಬೆಯನ್ನು ತಂದು ಅಖ್ರಾದ ನಡುವೆ ನೆಟ್ಟು, ರಾತ್ರಿಯಿಡೀ ಅದನ್ನು ಸುತ್ತಿ ಕುಣಿದು, ಮರುದಿನ ನೀರಿಗೆ ಬಿಡುತ್ತಾರೆ. ಹುಡುಗಿಯರು ಬುಟ್ಟಿಗಳಲ್ಲಿ ಮೊಳಕೆ ಬೆಳೆಸಿರುತ್ತಾರೆ. ಕೈಗೆ ಕೈ ಹೆಣೆದು ವೃತ್ತಾಕಾರವಾಗಿ ಚಲಿಸುವ ಈ ಕುಣಿತಕ್ಕೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಎಲ್ಲರ ಮುಖವೂ ನಡುವಿನ ಕೊಂಬೆಯ ಕಡೆಗೆ. ನೋಡುವವನಿಗೆ ಕಾಣುವುದು ಬೆನ್ನುಗಳ ಸಾಲು. ನೋಡಬೇಕೆಂದರೆ ಅವನೂ ಸಾಲಿಗೆ ಸೇರಬೇಕು. ನಗರದ ವೇದಿಕೆಯಾದರೋ ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದದ್ದು. ಅಲ್ಲಿ ಬೆನ್ನು ತೋರಿಸುವುದು ದೋಷ. ಆದ್ದರಿಂದ ವೃತ್ತವನ್ನು ಕತ್ತರಿಸಿ ಅರ್ಧಚಂದ್ರವಾಗಿಸಲಾಗುತ್ತದೆ. ಮಾಂದರ್ ಬಾರಿಸುವವರು ಬದಿಗೆ ಸರಿಯುತ್ತಾರೆ. ಇರುಳಿಡೀ ಸಾಗಬೇಕಾದ ಹಾಡು ಏಳೆಂಟು ನಿಮಿಷಕ್ಕೆ ಕುಗ್ಗುತ್ತದೆ. ನಾನು ನೋಡಿದ ಒಂದು ಉತ್ಸವದಲ್ಲಿ ಕೊಂಬೆಯೇ ಇರಲಿಲ್ಲ. ಅದಿದ್ದರೆ ನರ್ತಕಿಯರ ಮುಖ ಪ್ರೇಕ್ಷಕರಿಗೆ ಮರೆಯಾಗುತ್ತಿತ್ತೆಂಬುದು ಸಂಘಟಕರು ಕೊಟ್ಟ ಕಾರಣ. ಯಾರ ಕಡೆಗೆ ಮುಖ ಮಾಡಿ ಕುಣಿಯಬೇಕೆಂಬ ಪ್ರಶ್ನೆಯನ್ನು ಅವರು ತಮಗರಿವಿಲ್ಲದೆ ಇತ್ಯರ್ಥಗೊಳಿಸಿದ್ದರು.

ಇದನ್ನು ಕೇವಲ ಅಧಿಕಾರಿಗಳ ಅರಸಿಕತೆಯೆಂದು ತಳ್ಳಿಹಾಕುವುದು ಸುಲಭ. ಸಮಸ್ಯೆ ಅದಕ್ಕಿಂತ ಹಳೆಯದು. 1943ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಜಿ.ಎಸ್. ಘುರ್ಯೆ ಅವರು, 'ಮೂಲನಿವಾಸಿ' ಎಂಬ ಹೆಸರೇ ಪ್ರಶ್ನಾರ್ಹ, ಇವರು ಹಿಂದುಳಿದ ಹಿಂದೂಗಳು ಎಂದು ವಾದಿಸಿದರು. ಅವರಿಗೆದುರಾಗಿ ವೆರಿಯರ್ ಎಲ್ವಿನ್ ಇದ್ದರು. ಸಂವಿಧಾನ ರಚನಾ ಸಭೆಯಲ್ಲಿ ಜೈಪಾಲ್ ಸಿಂಗ್ ಆದಿವಾಸಿ ಎಂಬ ಪದಕ್ಕಾಗಿ ಪಟ್ಟುಹಿಡಿದರೂ ಸಂವಿಧಾನದಲ್ಲಿ ಉಳಿದದ್ದು 'ಪರಿಶಿಷ್ಟ', ಅಂದರೆ ಪಟ್ಟಿಗೆ ಸೇರಿದ ಎಂಬ ಪದ. ನೆಹರೂ ಅವರ ಕಾಲದಲ್ಲಿಯೇ ನರ್ತಕರು ರಾಜಧಾನಿಗೆ ಬರತೊಡಗಿದರು. ಆ ನೆಹರೂ ಅವರೇ ಎಲ್ವಿನ್ನರ ಈಶಾನ್ಯ ಗಡಿಪ್ರದೇಶ ಕುರಿತ ಗ್ರಂಥದ ಎರಡನೆಯ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಐದು ಸೂತ್ರಗಳನ್ನು ಹೇಳಿದರು. ಅವುಗಳಲ್ಲಿ ಎರಡನೆಯದು ಭೂಮಿ ಮತ್ತು ಅರಣ್ಯದ ಮೇಲಿನ ಬುಡಕಟ್ಟುಗಳ ಹಕ್ಕನ್ನು ಗೌರವಿಸಬೇಕೆಂಬುದು. ಕುಣಿತ ಪ್ರತಿವರ್ಷದ ಪರಿಪಾಠವಾಯಿತು. ಅರಣ್ಯದ ಹಕ್ಕು ಕಾಯ್ದೆಯಾಗಲು 2006ರವರೆಗೆ ಕಾಯಬೇಕಾಯಿತು.

ಕರ್ನಾಟಕದಿಂದ ಇಲ್ಲಿಗೆ ಬರುವ ತಂಡಗಳ ಬಗೆಗೂ ಇದೇ ಮಾತನ್ನು ಹೇಳಬೇಕು. ಸಿದ್ದಿಯರ ಡಮಾಮಿ ಆರಂಭವಾಗುತ್ತಲೇ ನಿರೂಪಕರ ಮಾತು ಆಫ್ರಿಕಾಕ್ಕೆ ಹಾರುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಕೊಂಕಣಿ, ಕನ್ನಡಗಳನ್ನಾಡುತ್ತ ಬಾಳುವ ಈ ಜನ 2003ರವರೆಗೆ ಪಟ್ಟಿಯಿಂದ ಹೊರಗಿದ್ದರೆಂಬುದು ಪರಿಚಯದಲ್ಲಿ ಬರುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನವನ್ನು 'ಪ್ರಕೃತಿಯ ಮಡಿಲಿನ ಹಾಡು' ಎಂದು ವರ್ಣಿಸುವವರಿಗೆ, ಅದೇ ಸೋಲಿಗರ ಪೋಡುಗಳು ಹುಲಿಧಾಮದೊಳಗಿನ ಕಾಡಿನ ಮೇಲೆ 2011ರಲ್ಲಿ ಸಮುದಾಯದ ಹಕ್ಕು ಪಡೆದದ್ದು ಹಾಡಿಗೆ ಸಂಬಂಧಿಸಿದ ಸಂಗತಿಯಾಗಿ ತೋರುವುದಿಲ್ಲ. ಜೇನು ಕೀಳುವ ಹಾಡಿಗೂ ಜೇನು ಕೀಳುವ ಹಕ್ಕಿಗೂ ಸಂಬಂಧವಿಲ್ಲವೆನ್ನುವುದು ವಿಚಿತ್ರ ಕಾವ್ಯಮೀಮಾಂಸೆ.

2021ರ ನವೆಂಬರಿನಲ್ಲಿ ಅಂಕೋಲೆಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದುಬಂದು ಪದ್ಮಶ್ರೀ ಸ್ವೀಕರಿಸಿದ ಚಿತ್ರ ದೇಶವೆಲ್ಲ ಹರಡಿತು. ಆ ದಿನಗಳಲ್ಲಿ ಬಂದ ಬರಹಗಳು ಹೆಚ್ಚಾಗಿ ನಿಂತದ್ದು ಮಣಿಸರ ಮತ್ತು ಬರಿಗಾಲುಗಳ ಬಳಿ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದ ಶ್ರಮದ ಚರಿತ್ರೆ ಎರಡನೆಯ ಸಾಲಿಗೆ ಸರಿಯಿತು. ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಡುಗಳ ಕಣಜವಾಗಿದ್ದ, ಸಾರಾಯಿಯ ವಿರುದ್ಧ ಹೋರಾಡಿದ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ಹೋದರು. ಇಬ್ಬರೂ ಹಾಲಕ್ಕಿ ಒಕ್ಕಲಿಗರು. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಈ ಸಮುದಾಯದ ಬೇಡಿಕೆ ಅವರ ಬದುಕಿನ ಕಾಲದಲ್ಲಿ ಈಡೇರಲಿಲ್ಲ. ವೇದಿಕೆಗೆ ಬೇಕಾದಷ್ಟು ಆದಿವಾಸಿ, ಪಟ್ಟಿಗೆ ಬೇಕಾದಷ್ಟಲ್ಲ.

ಹಾಗೆಂದು ಉತ್ಸವಗಳು ನಿಂತುಹೋಗಲಿ ಎಂಬ ಶುದ್ಧಿವಾದಕ್ಕೆ ನಾನು ಒಪ್ಪಲಾರೆ. ಮಳಿಗೆ ಹಾಕಿದ ನೇಕಾರರಿಗೆ, ಜೇನು ಮಾರುವವರಿಗೆ ನಾಲ್ಕು ಕಾಸು ಸಿಗುತ್ತದೆ. ದಲ್ಲಾಳಿಯಿಲ್ಲದೆ ಸಿಗುತ್ತದೆಂಬುದು ಸಣ್ಣ ಮಾತಲ್ಲ. ಕುಣಿತ ಕಾಡಿನಲ್ಲಿಯೇ ಇರಬೇಕೆನ್ನುವುದೂ ಒಂದು ಬಗೆಯ ಯಜಮಾನಿಕೆಯೇ. ನಗರದಲ್ಲಿ ಆದಿವಾಸಿ ಹಬ್ಬ ಬೇರೊಂದು ರೀತಿಯಲ್ಲಿ ಸಾಧ್ಯವೆಂಬುದಕ್ಕೆ ರಾಂಚಿಯ ಸರ್ಹುಲ್ ಮೆರವಣಿಗೆ ಸಾಕ್ಷಿ. ಸಾಲದ ಮರ ಹೂ ಬಿಡುವ ವಸಂತದಲ್ಲಿ ಸಾವಿರಾರು ಜನ ನಗಾರಿ ಹೊತ್ತು ಮುಖ್ಯ ರಸ್ತೆಗಿಳಿಯುತ್ತಾರೆ. ರಾಂಚಿ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಭಾಷಾವಿಜ್ಞಾನಿ ರಾಮ್‌ದಯಾಳ್ ಮುಂಡಾ (1939–2011) ಅವರೂ ಕೊರಳಿಗೆ ವಾದ್ಯ ತೂಗುಹಾಕಿಕೊಂಡು ಜನರ ನಡುವೆ ಕುಣಿಯುತ್ತಿದ್ದರು. ಅಲ್ಲಿ ರಸ್ತೆಯೇ ಅಖ್ರಾ. ವಾಹನಗಳು ಕಾಯಬೇಕು. ದೆಹಲಿಯ ಉತ್ಸವದಲ್ಲಿ ಕಾಯುವವರು ನರ್ತಕರು, ಗಣ್ಯರು ಬರುವವರೆಗೆ.

ಈ ವಿಷಯದಲ್ಲಿ ಕನ್ನಡ ಜಾನಪದ ವಿದ್ವತ್ತು ಕೂಡ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಹಾಡನ್ನು ಸಂಗ್ರಹಿಸಿ, ಪಾಠವನ್ನು ಮುದ್ರಿಸಿ, ಆಶಯಗಳನ್ನು ವರ್ಗೀಕರಿಸುವುದರಲ್ಲಿ ನಾವು ನಿಷ್ಣಾತರು. ಹಾಡು ನಗರಕ್ಕೆ ಬಂದಾಗ ಅದಕ್ಕೇನಾಗುತ್ತದೆಂಬುದನ್ನು 'ಅಶುದ್ಧ'ವೆಂದು ಬದಿಗಿಟ್ಟೆವು. ಹೊರನಾಡಿನ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಡೊಳ್ಳು ಕುಣಿತವನ್ನು ಭಾಷಣಗಳ ನಡುವಿನ ಬಿಡುವಿಗೆ ಬಳಸುವ ನಮಗೆ ದಿಲ್ಲಿ ಹಾಟ್ ಅನ್ನು ಟೀಕಿಸುವ ನೈತಿಕ ಬಲ ಎಷ್ಟಿದೆಯೋ ತಿಳಿಯದು.

ಇಲ್ಲಿ ನಮಗೆ ವಿಶೇಷವಾದ ಇನ್ನೊಂದು ಹೊಣೆಯೂ ಇದೆ. ಒರಾಂವರ ಕುರುಖ್ ದ್ರಾವಿಡ ಭಾಷೆ. ಸುಮಾರು 20 ಲಕ್ಷ ಜನರು ಆಡುವ ನುಡಿ. ತಾವು ಕರ್ನಾಟದ ಕಡೆಯಿಂದ ಉತ್ತರಕ್ಕೆ ಬಂದವರೆಂಬ ಐತಿಹ್ಯ ಅವರಲ್ಲಿದೆ. ಅದು ಇತಿಹಾಸವೋ ಅಲ್ಲವೋ, ಭಾಷಾಬಾಂಧವ್ಯವಂತೂ ಸಿದ್ಧವಾದದ್ದು. ದೆಹಲಿಯ ಕನ್ನಡ ಮನೆಗಳಲ್ಲಿ ಕೆಲಸಕ್ಕಿರುವ ಎಷ್ಟೋ ಹೆಣ್ಣುಮಕ್ಕಳೊಡನೆ ನಾವು ಮುರುಕು ಹಿಂದಿಯಲ್ಲಿ ಮಾತನಾಡುತ್ತೇವೆ. ಅವರಲ್ಲಿ ಕೆಲವರ ಮನೆಮಾತು ಕನ್ನಡದ ದಾಯಾದಿ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಇಂತಹವರು ತಾವೇ ಸೇರಿ ಆಚರಿಸುವ ಕರಮ್ ಒಂದನ್ನು ದಕ್ಷಿಣ ದೆಹಲಿಯ ಉದ್ಯಾನವೊಂದರಲ್ಲಿ ನೋಡಿದೆ. ಏಕಾದಶಿ ಕಳೆದ ಮೇಲಿನ ಭಾನುವಾರ; ರಜೆ ಸಿಗುವುದು ಅಂದೇ. ಕೊಂಬೆ ಕರಮ್ ಮರದ್ದೋ ಬೇರೆಯದೋ ಕೇಳಲು ಸಂಕೋಚವಾಯಿತು. ಧ್ವನಿವರ್ಧಕವಿರಲಿಲ್ಲ, ವೃತ್ತ ಪೂರ್ಣವಾಗಿತ್ತು. ನನಗೆ ಕಂಡದ್ದು ಬೆನ್ನುಗಳ ಸಾಲು. ಬಿಡುವಿನಲ್ಲಿ ನಡುವಯಸ್ಸಿನ ಒಬ್ಬ ಹೆಂಗಸನ್ನು ಮಾತನಾಡಿಸಿ ಕಣ್ಣಿಗೆ, ಹಲ್ಲಿಗೆ, ಮೂರಕ್ಕೆ ಅವರ ಮಾತಿನಲ್ಲಿ ಏನೆನ್ನುತ್ತಾರೆಂದು ಕೇಳಿದೆ. ಖನ್ನ್, ಪಲ್ಲ್, ಮೂಂದ್ ಎಂದರು. ನಮ್ಮ ಹಳಗನ್ನಡದಲ್ಲಿಯೂ ಹಲ್ಲಿಗೆ ಪಲ್ ಎನ್ನುತ್ತಿದ್ದರೆಂದೆ. ಅವರಿಗೆ ಅದರಲ್ಲಿ ವಿಶೇಷ ಆಸಕ್ತಿ ಕಾಣಲಿಲ್ಲ. ಹಾಡುಗಳನ್ನು ಬರೆದುಕೊಳ್ಳಬಹುದೇ ಎಂದದ್ದಕ್ಕೆ, ಬೆಳಿಗ್ಗೆ ಏಳಕ್ಕೆ ಕೆಲಸದ ಮನೆಯಲ್ಲಿರಬೇಕು, ಬರೆದುಕೊಳ್ಳುವುದಿದ್ದರೆ ಮುಂದಿನ ಭಾನುವಾರ ಬನ್ನಿ, ಬರುವಾಗ ಬೆನ್ನ ಹಿಂದೆ ನಿಲ್ಲಬೇಡಿ ಎಂದು ಹಿಂದಿಯಲ್ಲಿ ಹೇಳಿ ಸಾಲಿಗೆ ಮರಳಿದರು.