ಯಾರ ಮೇಲೂ ಸಿಟ್ಟಿಲ್ಲದ ಭಯ

ಎಚ್. ಪಿ. ಲವ್‌ಕ್ರಾಫ್ಟ್‌ನ ಕಥೆಗಳು ಸಿನಿಮಾಕ್ಕೆ ಒಗ್ಗುವುದಿಲ್ಲ ಎಂಬ ಮಾತು ಹಳೆಯದು. ಅವನ ಭೀಕರ ಜೀವಿಗಳು ವರ್ಣನೆಗೆ ಸಿಗದಂಥವು, ಪರದೆಯ ಮೇಲೆ ಕಂಡ ಕೂಡಲೇ ಭಯ ಸತ್ತುಹೋಗುತ್ತದೆ ಎನ್ನುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಸೋತ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ: ಅವು ಮನುಷ್ಯನನ್ನು ಕಥೆಯ ನಡುಮನೆಗೆ ತಂದು ಕೂರಿಸಿದವು.

1890ರಿಂದ 1937ರವರೆಗೆ ಬದುಕಿದ್ದ ಲವ್‌ಕ್ರಾಫ್ಟ್ ಅಮೆರಿಕದ ಪ್ರಾವಿಡೆನ್ಸ್ ಊರಿನವನು, ‘ವಿಯರ್ಡ್ ಟೇಲ್ಸ್’ನಂಥ ಅಗ್ಗದ ಪತ್ರಿಕೆಗಳಿಗೆ ಬರೆದವನು. ಈಗ ಕಾಸ್ಮಿಕ್ ಹಾರರ್ ಎಂದು ಹೆಸರು ಪಡೆದಿರುವ ಅವನ ಕಥೆಗಳ ಬುಡದಲ್ಲಿರುವ ನಂಬಿಕೆ ಒಂದೇ. ಈ ವಿಶ್ವಕ್ಕೆ ನಮ್ಮ ಪರಿವೆಯೇ ಇಲ್ಲ. ದೆವ್ವದ ಕಥೆಯಲ್ಲಿ ದೆವ್ವಕ್ಕೊಂದು ಸೇಡಿರುತ್ತದೆ, ಶಾಪದ ಹಿಂದೊಂದು ಪಾಪವಿರುತ್ತದೆ. ಹಾಗಾಗಿ ಅಲ್ಲಿ ನಮಗೊಂದು ಬೆಲೆಯಿದೆ. ಲವ್‌ಕ್ರಾಫ್ಟ್ ಆ ಬೆಲೆಯನ್ನೇ ಕಿತ್ತುಕೊಳ್ಳುತ್ತಾನೆ. 1927ರ ‘ದಿ ಕಲರ್ ಔಟ್ ಆಫ್ ಸ್ಪೇಸ್’ನಲ್ಲಿ ನೇಹಮ್ ಗಾರ್ಡ್ನರ್ ಎಂಬ ರೈತನ ಬಾವಿಯ ಬಳಿ ಉಲ್ಕೆಯೊಂದು ಬೀಳುತ್ತದೆ. ತೋಟದಲ್ಲಿ ಹಣ್ಣು ದಪ್ಪದಪ್ಪಗೆ ಬಿಡುತ್ತದೆ, ಬಾಯಿಗಿಟ್ಟರೆ ಕಹಿ. ಹೆಸರಿಲ್ಲದ ಒಂದು ಬಣ್ಣ ಗಿಡಮರ, ದನಕರು, ಹೆಂಡತಿ ಮಕ್ಕಳನ್ನೆಲ್ಲ ಒಳಗಿನಿಂದ ಹೀರುತ್ತ ಹೋಗುತ್ತದೆ. ಸುಮಾರು ಒಂದೂವರೆ ವರ್ಷ ಇದು ನಡೆಯುತ್ತದೆ. ಅದು ಏಕೆ ಬಂತು, ಅದಕ್ಕೆ ಏನು ಬೇಕಿತ್ತು, ಯಾರಿಗೂ ತಿಳಿಯುವುದಿಲ್ಲ. ಗಾರ್ಡ್ನರ್ ಯಾವ ತಪ್ಪನ್ನೂ ಮಾಡಿರಲಿಲ್ಲ.

ಅರವತ್ತರ ದಶಕದ ಹಾಲಿವುಡ್‌ಗೆ ಇದನ್ನು ಅರಗಿಸಿಕೊಳ್ಳಲು ಆಗಲಿಲ್ಲ. 1963ರ ‘ದಿ ಹಾಂಟೆಡ್ ಪ್ಯಾಲೇಸ್’ನಲ್ಲಿ ರೋಜರ್ ಕಾರ್ಮನ್ ಲವ್‌ಕ್ರಾಫ್ಟ್‌ನ ಕಾದಂಬರಿಯನ್ನು ಎಡ್ಗರ್ ಅಲನ್ ಪೋನ ಪದ್ಯದ ಹೆಸರಿನಲ್ಲಿ ತಂದು, ಸುಟ್ಟುಕೊಂದವರ ವಂಶದ ಮೇಲಿನ ಸೇಡಿನ ಕಥೆ ಮಾಡಿದ. 1965ರ ‘ಡೈ, ಮಾನ್‌ಸ್ಟರ್, ಡೈ!’ ಚಿತ್ರದಲ್ಲಿ ಅದೇ ಉಲ್ಕೆ ಇಂಗ್ಲೆಂಡಿನ ಬಂಗಲೆಯೊಂದರ ನೆಲಮಾಳಿಗೆ ಸೇರಿತು. ಬೋರಿಸ್ ಕಾರ್ಲಾಫ್‌ನ ಮನೆತನಕ್ಕೆ ಹಿರಿಯರ ಪಾಪವೊಂದು ಅಂಟಿಕೊಂಡಿತು. 1970ರ ‘ದಿ ಡನ್‌ವಿಚ್ ಹಾರರ್’ ಕಥೆಯ ವಿಕಾರ ದೈತ್ಯನನ್ನು ಚೆಲುವ ಯುವಕನನ್ನಾಗಿ ಮಾಡಿ, ಕಥೆಯಲ್ಲಿಲ್ಲದ ನಾಯಕಿಯೊಬ್ಬಳನ್ನು ಅವನ ಮುಂದೆ ಮಲಗಿಸಿತು. ಲವ್‌ಕ್ರಾಫ್ಟ್ ಕಿತ್ತುಹಾಕಿದ್ದ ಪಾಪ, ಶಾಪ, ಸೇಡುಗಳನ್ನು ಈ ಚಿತ್ರಗಳು ಹುಡುಕಿ ತಂದು ಮತ್ತೆ ಹೊಲಿದವು.

ಸ್ಟುವರ್ಟ್ ಗಾರ್ಡನ್‌ನ ‘ರೀ-ಅನಿಮೇಟರ್’ (1985) ನನಗೆ ಇಷ್ಟವಾದ ಚಿತ್ರ. ಆದರೆ ಅದರ ಮೂಲ ಕಥೆಯಲ್ಲೇ ವಿಶ್ವದ ಗಾಳಿ ಕಡಿಮೆ. ಅದನ್ನು ಈ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅವನ ‘ಡೇಗನ್’ (2001) ಹೆಚ್ಚು ಮುಖ್ಯ. ‘ದಿ ಶ್ಯಾಡೋ ಓವರ್ ಇನ್ಸ್‌ಮತ್’ ಕಥೆಯನ್ನು ಸ್ಪೇನಿನ ಮೀನುಗಾರರ ಊರಿಗೆ ಒಯ್ದ ಈ ಚಿತ್ರ, ನಾಯಕನೂ ಆ ಜಲಜೀವಿಗಳ ರಕ್ತದವನೇ ಎಂಬ ಕೊನೆಯನ್ನು ಬಿಟ್ಟುಕೊಡಲಿಲ್ಲ. ಇಲ್ಲೊಂದು ಮಾತು ಹೇಳಲೇಬೇಕು. ಲವ್‌ಕ್ರಾಫ್ಟ್ ಕಡು ಜನಾಂಗದ್ವೇಷಿ. ಇನ್ಸ್‌ಮತ್ ಕಥೆಯ ಅಸಹ್ಯವೆಲ್ಲ ರಕ್ತ ಬೆರೆಯುವುದರ ಬಗ್ಗೆ ಅವನಿಗಿದ್ದ ಅಸಹ್ಯವೇ. ಈ ಕಥೆಗಳನ್ನು ಮುಟ್ಟುವ ನಿರ್ದೇಶಕ ಆ ವಿಷವನ್ನು ಎಲ್ಲಿ ಇಳಿಸುತ್ತಾನೆ ಎಂಬುದನ್ನೂ ವಿಮರ್ಶೆ ಕೇಳಬೇಕು. ‘ಡೇಗನ್’ ಅದನ್ನು ಎದುರಿಸದೆ ಪಕ್ಕಕ್ಕೆ ಸರಿಯಿತು.

ಹೆಸರಿಲ್ಲದ ಆ ಬಣ್ಣವನ್ನು ತೋರಿಸುವುದು ಹೇಗೆ? ರಿಚರ್ಡ್ ಸ್ಟ್ಯಾನ್ಲಿಯ 2019ರ ‘ಕಲರ್ ಔಟ್ ಆಫ್ ಸ್ಪೇಸ್’ ಮಜೆಂಟಾ ಆರಿಸಿಕೊಂಡಿತು. ಕಾಮನಬಿಲ್ಲಿನಲ್ಲಿ ಇಲ್ಲದ, ಕಣ್ಣು ಮತ್ತು ಮೆದುಳು ಸೇರಿ ಕಟ್ಟಿಕೊಳ್ಳುವ ಬಣ್ಣ ಅದು. ಯೋಚಿಸಿ ಮಾಡಿದ ಆಯ್ಕೆ. ತಾಯಿ ಮಗು ಒಂದೇ ಮಾಂಸಪಿಂಡವಾಗಿ ಬೆಸೆದುಹೋಗುವ ದೃಶ್ಯ ನಿಜಕ್ಕೂ ಸಂಕಟ ಹುಟ್ಟಿಸುತ್ತದೆ. ಆದರೂ ಚಿತ್ರ ಒಂದೂವರೆ ವರ್ಷದ ಕೊಳೆಯುವಿಕೆಯನ್ನು ಕೆಲವೇ ದಿನಗಳಿಗೆ ಕುಗ್ಗಿಸಿಬಿಟ್ಟಿತು. ಜೊತೆಗೆ ನಿಕೋಲಸ್ ಕೇಜ್‌ನ ಅಬ್ಬರ. ಅಪ್ಪನೊಬ್ಬ ಅಷ್ಟು ದೊಡ್ಡದಾಗಿ ಹುಚ್ಚನಾದರೆ ನೋಡುವವರ ಗಮನವೆಲ್ಲ ಅಪ್ಪನ ಮೇಲೆ, ಆಕಾಶದ ಕಡೆಗೆ ಹೋಗುವುದಿಲ್ಲ. ಜರ್ಮನಿಯಲ್ಲಿ ಹುವಾನ್ ವು 2010ರಲ್ಲಿ ಮಾಡಿದ ‘ದೀ ಫಾರ್ಬೆ’ಯ ಉಪಾಯ ಸರಳ: ಇಡೀ ಸಿನಿಮಾ ಕಪ್ಪುಬಿಳುಪು, ಆ ಬಣ್ಣ ಬಂದಾಗ ಮಾತ್ರ ಬಣ್ಣ. ಚಿತ್ರದೊಳಗಿನ ಲೋಕಕ್ಕೆ ಬಣ್ಣವೆಂದರೇನೆಂದೇ ಗೊತ್ತಿಲ್ಲದಿರುವಾಗ ಅದು ಹೊರಗಿನದು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಟನೆ ಅಲ್ಲಲ್ಲಿ ತೆಳು, ದುಡ್ಡಿನ ಕೊರತೆ ಎದ್ದು ಕಾಣುತ್ತದೆ. ಆದರೂ ಎರಡರಲ್ಲಿ ದೊಡ್ಡ ಚಿತ್ರ ಅದೇ.

2005ರ ‘ದಿ ಕಾಲ್ ಆಫ್ ಕ್ಥುಲು’ ಕೂಡ ಬಡವರ ಸಿನಿಮಾ. ಆಂಡ್ರ್ಯೂ ಲೆಮನ್ ನಿರ್ದೇಶಿಸಿದ, ಒಂದು ಗಂಟೆಯೂ ಇಲ್ಲದ ಈ ಮೂಕಿ ಚಿತ್ರವನ್ನು ಲವ್‌ಕ್ರಾಫ್ಟ್ ಅಭಿಮಾನಿಗಳ ಸಂಘವೊಂದು ಮಾಡಿತು. ಕಥೆ ಬರೆದದ್ದು 1926ರಲ್ಲಿ. ಆಗಲೇ ಸಿನಿಮಾ ಆಗಿದ್ದರೆ ಹೇಗಿರುತ್ತಿತ್ತೋ ಹಾಗೆ ಇದನ್ನು ಕಟ್ಟಿದ್ದಾರೆ. ಮೂಲ ಕಥೆಯೆಂದರೆ ಸತ್ತ ಪ್ರೊಫೆಸರನ ಟಿಪ್ಪಣಿ, ಪೊಲೀಸನ ಹೇಳಿಕೆ, ನಾವಿಕನ ದಿನಚರಿ. ಕಾಗದಗಳನ್ನು ಒಬ್ಬಾತ ಜೋಡಿಸುತ್ತ ಹೋದಂತೆ ಅವನ ನೆಮ್ಮದಿ ಕರಗುತ್ತದೆ. ಕಾಗದದೊಳಗೆ ಕಾಗದವಿರುವ ಆ ಕಟ್ಟನ್ನು ಚಿತ್ರ ಹಾಗೇ ಉಳಿಸಿಕೊಂಡಿತು. ರಾಕ್ಷಸ ಬರುತ್ತಾನೆ, ಮಾಡಿಟ್ಟ ಗೊಂಬೆಯೆಂದು ಕಾಣುತ್ತಲೂ ಇರುತ್ತದೆ, ಭಯ ಹೋಗುವುದಿಲ್ಲ. ಏಕೆಂದರೆ ಅಷ್ಟರಲ್ಲಿ ಮನುಷ್ಯ ಎಷ್ಟು ಚಿಕ್ಕವನೆಂದು ನಮಗೆ ಮನದಟ್ಟಾಗಿರುತ್ತದೆ.

ಈ ಪರಂಪರೆಯ ಶಿಖರ ಮಾತ್ರ ಲವ್‌ಕ್ರಾಫ್ಟ್‌ನ ಕಥೆಯಿಂದ ಬಂದದ್ದಲ್ಲ. ಜಾನ್ ಕಾರ್ಪೆಂಟರ್‌ನ ‘ದಿ ಥಿಂಗ್’ (1982) ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ‘ಹೂ ಗೋಸ್ ದೇರ್?’ ಕಥೆಯದು. ಕ್ಯಾಂಪ್‌ಬೆಲ್‌ನಲ್ಲಿ ಮನುಷ್ಯರು ಬುದ್ಧಿ ಓಡಿಸಿ ಗೆಲ್ಲುತ್ತಾರೆ. ಕಾರ್ಪೆಂಟರ್ ಆ ಗೆಲುವನ್ನು ತೆಗೆದುಹಾಕಿದ: ಉರಿದುಹೋದ ಶಿಬಿರ, ಅಂಟಾರ್ಕ್ಟಿಕಾದ ಚಳಿ, ಇಬ್ಬರು ಗಂಡಸರು, ಅವರಲ್ಲಿ ಇನ್ನೂ ಮನುಷ್ಯನಾಗಿ ಉಳಿದವನು ಯಾರೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮೂಲಕ್ಕೆ ನಿಷ್ಠೆ ತಪ್ಪಿಯೇ ಅದು ಮೂಲಕ್ಕಿಂತ ಆಳಕ್ಕಿಳಿಯಿತು. ಬಿಡುಗಡೆಯಾದಾಗ ವಿಮರ್ಶಕರು ಹೀಗಳೆದರು, ಜನ ಬರಲಿಲ್ಲ. ಅದೇ ಜೂನ್‌ನಲ್ಲಿ ಅಮೆರಿಕ ಸ್ಪೀಲ್‌ಬರ್ಗ್‌ನ ‘ಇ.ಟಿ.’ಯನ್ನು ಅಪ್ಪಿಕೊಂಡಿತ್ತು.

ಲವ್‌ಕ್ರಾಫ್ಟ್‌ನ ಅಂಟಾರ್ಕ್ಟಿಕಾ ಕಥೆ ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್’ ಅನ್ನು ದೊಡ್ಡ ಬಂಡವಾಳದಲ್ಲಿ ತೆಗೆಯಲು ಗಿಯೆರ್ಮೊ ದೆಲ್ ತೋರೊ ವರ್ಷಗಟ್ಟಲೆ ಹೆಣಗಿದರು. ಪ್ರೇಮಕಥೆಯಿಲ್ಲ, ಸುಖಾಂತ್ಯವಿಲ್ಲ, ವಯಸ್ಕರಿಗಷ್ಟೇ ಎಂಬ ಪ್ರಮಾಣಪತ್ರ ಬೇರೆ. 2011ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಹಿಂದೆ ಸರಿಯಿತು. ಪ್ರೇಮಕಥೆ ಸೇರಿಸಿ ಆ ಸಿನಿಮಾ ಬರುವುದಕ್ಕಿಂತ ಬಾರದಿರುವುದೇ ಮೇಲು. ಈ ಪರಂಪರೆಯನ್ನು ಹೊಸದಾಗಿ ನೋಡಹೊರಟವರು ಮೊದಲು ‘ದಿ ಕಲರ್ ಔಟ್ ಆಫ್ ಸ್ಪೇಸ್’ ಓದಿ, ಆಮೇಲೆ ‘ದೀ ಫಾರ್ಬೆ’ ನೋಡಿ. ಸ್ಟ್ಯಾನ್ಲಿಯ ಚಿತ್ರ ಕೊನೆಗಿರಲಿ.