ಕೇಳಿದ ಕಥೆಯೂ ಕಳಂಕವೂ: ಎಚ್.ಐ.ವಿ. ಆರೈಕೆ ಕುರಿತ ಎರಡು ಅಧ್ಯಯನಗಳ ಜಾನಪದೀಯ ವಿಮರ್ಶೆ

ಬಾಯಿಂದ ಬಾಯಿಗೆ ಹರಿಯುವ ಕಥೆಯನ್ನು ರೋಗಿಯ ಬದುಕನ್ನು ಬಾಧಿಸುವ ಕಾರಣಗಳಲ್ಲಿ ಒಂದೆಂದು ಆರೋಗ್ಯ ಸಂಶೋಧನೆಯು ಪರಿಗಣಿಸುವುದು ಅಪರೂಪ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೇಯ್ನ್ ಸ್ಟೀವರ್ಡ್ ಅವರು ನಿಮ್ಹಾನ್ಸ್‌ನ ಜಯಶ್ರೀ ರಾಮಕೃಷ್ಣ, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಶಾಲಿನಿ ಭರತ್, ಮರಿಯಾ ಎಕ್‌ಸ್ಟ್ರಾಂಡ್ ಮೊದಲಾದವರೊಡನೆ 2008ರಲ್ಲಿ ಪ್ರಕಟಿಸಿದ ಲೇಖನವು ಅಂಥದ್ದು. ದಕ್ಷಿಣ ಭಾರತದ 229 ಮಂದಿ ಸೋಂಕಿತರ ಸಮೀಕ್ಷೆಯನ್ನು ಆಧರಿಸಿದ ಈ ಲೇಖನವು ಕಳಂಕವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ತಾನೇ ಅನುಭವಿಸಿದ್ದು, ಇನ್ನೊಬ್ಬರಿಗೆ ಆದುದನ್ನು ಕೇಳಿ ತಿಳಿದದ್ದು, ಸಮಾಜ ತನ್ನನ್ನು ಹೀಗೆಯೇ ಕಾಣುತ್ತದೆ ಎಂದು ಗ್ರಹಿಸಿದ್ದು, ತಾನೇ ಒಪ್ಪಿಕೊಂಡು ಒಳಗೆ ಇಳಿಸಿಕೊಂಡದ್ದು. ಅನುಭವದ ಜೊತೆಗೆ ಕೇಳಿದ ಕಥೆಯೂ ಮೂರನೆಯ ಬಗೆಯ ಗ್ರಹಿಕೆಯನ್ನು ರೂಪಿಸುತ್ತದೆ ಎಂಬುದು ಅದರ ಮುಖ್ಯ ನಿಲುವು. ಜಾನಪದ ಅಧ್ಯಯನದಿಂದ ನೆರವು ಪಡೆಯದೆಯೇ ಈ ಲೇಖಕರು ನಮ್ಮ ಕ್ಷೇತ್ರದ ಹೊಸ್ತಿಲಿಗೆ ಬಂದು ನಿಂತಿದ್ದಾರೆ.

ಇದೇ ತಂಡದ 2013ರ ಲೇಖನ ಇನ್ನೂ ಕುತೂಹಲಕರ. ಮುಂಬಯಿ ಮತ್ತು ಬೆಂಗಳೂರಿನ 961 ಸೋಂಕಿತರಲ್ಲಿ, ಸೋಂಕು ತಿಳಿದ ಬಳಿಕ ಚಿಕಿತ್ಸೆಗೆ ಬರುವಲ್ಲಿ ಆಗುವ ತಡಕ್ಕೂ ಕಳಂಕಕ್ಕೂ ಏನು ನಂಟು ಎಂಬುದು ಅದರ ಪ್ರಶ್ನೆ. ನಂಟು ಕಂಡುಬಂದದ್ದು ಸ್ವತಃ ಅನುಭವಿಸಿದ ಕಳಂಕಕ್ಕೆ ಮತ್ತು ಒಳಗಿಳಿದ ಕಳಂಕಕ್ಕೆ. ಕೇಳಿದ ಕಥೆಗೆ ಅಲ್ಲ. ಕಥೆಗಳೇ ರೋಗಿಯನ್ನು ಆಸ್ಪತ್ರೆಯಿಂದ ದೂರವಿಡುತ್ತವೆ ಎಂದು ಹೇಳಿಬಿಡಲು ನಮ್ಮಂಥವರಿಗೆ ಇರುವ ಆತುರಕ್ಕೆ ಇದು ಸರಿಯಾದ ತಡೆ.

ಹಾಗಾದರೆ ಕಥೆಯ ಪಾತ್ರವನ್ನು ಕೈಬಿಡಬೇಕೆ? ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಕೇಳಿದ ಕಥೆ ಯಾವ ಘಟ್ಟದಲ್ಲಿ ಕೇಳುಗನ ಸ್ವಂತ ತೀರ್ಪಾಗುತ್ತದೆ ಎಂಬುದೇ ಮೂಲ ಪ್ರಶ್ನೆ. ಎಷ್ಟು ಕಥೆ ಕೇಳಿದಿರಿ ಎಂದು ಎಣಿಸುವ ವಿಧಾನಕ್ಕೆ ಅದು ದಕ್ಕುವುದಿಲ್ಲ. ಕೇಳಿ ನಕ್ಕವನೂ ಕೇಳಿ ನಡುಗಿದವನೂ ಅಲ್ಲಿ ಒಂದೇ ಅಂಕ ಪಡೆಯುತ್ತಾರೆ. ಕೆನಡಾದ ಜಾನಪದ ವಿದ್ವಾಂಸೆ ಡಯಾನ್ ಗೋಲ್ಡ್‌ಸ್ಟೀನ್ 2004ರ ತಮ್ಮ ಗ್ರಂಥದಲ್ಲಿ ಏಡ್ಸ್ ಕುರಿತ ಐತಿಹ್ಯಗಳನ್ನು, ಚಿತ್ರಮಂದಿರದ ಆಸನದಲ್ಲಿ ಸೂಜಿ ಚುಚ್ಚಿಟ್ಟ ಕಥೆಯೂ ಸೇರಿದಂತೆ, ಪರಿಶೀಲಿಸಿದ್ದಾರೆ. ಐತಿಹ್ಯವನ್ನು ಹೇಳುವುದೆಂದರೆ ನಂಬುವುದೆಂದಲ್ಲ. ಹೇಳುತ್ತಲೇ ಅದನ್ನು ಚರ್ಚೆಗೆ ಒಡ್ಡುವವರೂ ಇರುತ್ತಾರೆ.

ನಮ್ಮ ಭಾಷೆಗಳಲ್ಲಿ ಈ ವ್ಯತ್ಯಾಸ ವ್ಯಾಕರಣದಲ್ಲೇ ಇದೆ. ‘ಮನೆಯಿಂದ ಹೊರಗೆ ಹಾಕಿದರಂತೆ’ ಎನ್ನುವ ನಿರೂಪಕ ಮಾತಿನ ಹೊಣೆಯನ್ನು ತಾನು ಹೊರುತ್ತಿಲ್ಲ. ತುಳುವಿನ ‘ಪೋಯೆಗೆ’ (ಹೋದನಂತೆ) ಎಂಬಲ್ಲಿನ ‘ಗೆ’ ಮಾಡುವುದೂ ಅದನ್ನೇ. ಅದೇ ಸಂಗತಿ ‘ಹೊರಗೆ ಹಾಕುತ್ತಾರೆ’ ಎಂದಾದಾಗ ಒಂದು ಮನೆಯ ಸುದ್ದಿ ಲೋಕದ ನಿಯಮವಾಗುತ್ತದೆ. ‘ಅಂತೆ’ ಕಳಚಿ ಬೀಳುವ ಈ ಗಳಿಗೆಯನ್ನೇ ಸಂಶೋಧಕರು ಹಿಡಿಯಬೇಕಿತ್ತು.

ಹಿಂದಿನ ರೋಗಗಳ ಮಾತು ಬಹಿರಂಗವಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಸಿಡುಬು ‘ಅಮ್ಮ’ನಾಗಿತ್ತು. ತುಳುನಾಡಿನ ಆಟಿ ಕಳೆಂಜ ಇಂದಿಗೂ ಮನೆಯಂಗಳಕ್ಕೆ ಬಂದು ಮಾರಿ ಕಳೆಯುತ್ತಾನೆ. ಅಲ್ಲಿ ರೋಗ ಊರಿಗೆ ಬಂದದ್ದು, ಊರೇ ಅದನ್ನು ಆಚೆಗೆ ಕಳುಹಿಸುತ್ತದೆ. ಎಚ್.ಐ.ವಿ. ಕಥೆಗೆ ಅಂಗಳವಿಲ್ಲ; ಅದು ಪಿಸುಮಾತಿನಲ್ಲಿ ಒಬ್ಬ ವ್ಯಕ್ತಿಯ ಬೆನ್ನಿಗೆ ಅಂಟುತ್ತದೆ. ಇದರಿಂದ ಹಳೆಯದೆಲ್ಲ ಕರುಣಾಮಯವಾಗಿತ್ತೆಂದು ಭಾವಿಸಬೇಕಿಲ್ಲ. ಕುಷ್ಠರೋಗಿಯನ್ನು ಇದೇ ಸಮಾಜ ದೂರವಿಟ್ಟಿತ್ತು.

ಈ ಎರಡೂ ಲೇಖನಗಳ ಬಳಿಕ ಪರಿಸ್ಥಿತಿ ಬದಲಾಗಿದೆ. 2017ರಿಂದ ಸಿ.ಡಿ.4 ಎಣಿಕೆಗೆ ಕಾಯದೆ ಸೋಂಕಿತರೆಲ್ಲರಿಗೂ ಚಿಕಿತ್ಸೆ ಎಂಬ ನೀತಿ ಜಾರಿಯಲ್ಲಿದೆ. ತಾರತಮ್ಯವನ್ನು ನಿಷೇಧಿಸುವ 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ನಿಯಮದಿಂದ ಆಗುತ್ತಿದ್ದ ತಡ ಹೋಗಿದೆ, ಮನಸ್ಸಿನಿಂದಾಗುವ ತಡ ಉಳಿದಿದೆ. ಆದ್ದರಿಂದಲೇ ಈ ಅಧ್ಯಯನಗಳು ಹಳತಾಗಿಲ್ಲ.

ಮಂಗಳೂರಿನ ಮಟ್ಟಿಗೆ ಇನ್ನೊಂದು ತೊಡಕಿದೆ. ವೆನ್ಲಾಕ್ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರಕ್ಕೆ ಬರುವವರ ಮನೆಮಾತು ತುಳು, ಕೊಂಕಣಿ, ಬ್ಯಾರಿ ಯಾವುದೂ ಆಗಿರಬಹುದು. ಕಥೆಯನ್ನು ಕೇಳಿದ್ದು ಆ ಮಾತಿನಲ್ಲಿ, ಆಪ್ತಸಮಾಲೋಚಕರೊಡನೆ ಹೇಳುವುದು ಬಹುಮಟ್ಟಿಗೆ ಕನ್ನಡದಲ್ಲಿ. ಈ ಪ್ರಶ್ನಾವಳಿಯನ್ನು ಇಲ್ಲಿಗೆ ತರುವವರು ಎಷ್ಟು ಬಾರಿ ಕೇಳಿದಿರಿ ಎಂಬುದರ ಜೊತೆಗೆ ಯಾರಿಂದ, ಯಾವ ಮಾತಿನಲ್ಲಿ ಕೇಳಿದಿರಿ ಎಂಬುದನ್ನೂ ಸೇರಿಸಬೇಕು. ಉತ್ತರವನ್ನು ಕನ್ನಡಕ್ಕೆ ತಿರುಗಿಸುವ ಮೊದಲು ಅದರ ‘ಗೆ’ ಸಮೇತ ಬರೆದುಕೊಳ್ಳಬೇಕು.